ಎರಡನೆಯ ಗುಂಡು

"ಗುರುಗಳೇ, ಬೈಯದೆ ಸುಮ್ಮನಿರುವುದೂ ಕ್ಷಮೆಯೇ ಅಲ್ಲವೇ?"

ಕೇಳಿದವನು ಸಿದ್ಧವೀರ, ಮಠದ ಶಿಷ್ಯ. ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದರೂ ಅವನು ಕೂತಲ್ಲೇ ಕೂತಿದ್ದ. ಗುರುಗಳು ಕನ್ನಡಕ ತೆಗೆದು ಶಲ್ಯದ ತುದಿಯಿಂದ ಒರೆಸಿದರು.

"ಯಾರನ್ನು ಬೈಯದೆ ಬಿಟ್ಟಿದ್ದೀಯ?"

"ನನ್ನ ತಮ್ಮನನ್ನು. ಅವ್ವ ತೀರಿಕೊಂಡಾಗ ಮಣ್ಣು ಮಾಡಿ ಮುಗಿಸಿದ ಮೇಲೆ ನನಗೆ ಸುದ್ದಿ ಕಳಿಸಿದ. ಅವಳ ಮುಖ ನನಗೆ ಸಿಗಲಿಲ್ಲ. ಆದರೂ ಅವನಿಗೆ ಒಂದು ಬಿರುಸು ಮಾತು ಆಡಿಲ್ಲ. ಕೋಪ ಬಂದಾಗಲೆಲ್ಲ ಹಲ್ಲು ಕಚ್ಚಿ ಹಿಡಿದಿದ್ದೇನೆ. ಇವತ್ತು ಸಂಜೆ ಅವನು ನನ್ನನ್ನು ನೋಡಲು ಬರುತ್ತಾನೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಬೇಕೆಂದಿದ್ದೇನೆ. ಹೇಳಬಹುದಲ್ಲವೇ?"

"ಸುದ್ದಿ ಯಾಕೆ ತಡವಾಯಿತು ಎಂದು ಅವನನ್ನು ಕೇಳಿದೆಯಾ?"

"ಇಲ್ಲ. ಕೇಳಿದರೆ ಒಳಗಿದ್ದದ್ದು ಹೊರಗೆ ಬರುತ್ತಿತ್ತು."

ಗುರುಗಳು ಕನ್ನಡಕ ಹಾಕಿಕೊಂಡರು. "ಒಬ್ಬ ಬೇಟೆಗಾರನ ಕತೆ ಹೇಳುತ್ತೇನೆ. ಮಠದಲ್ಲಿ ಬಂದೂಕಿನ ಮಾತೇ ಎಂದು ಮೂಗು ಮುರಿಯಬೇಡ. ಎಲ್ಲರ ಮನೆಯಲ್ಲೂ ಒಂದು ಇರುತ್ತದೆ," ಎಂದು ಹೇಳಿ ಶುರುಮಾಡಿದರು.

ಕೊಡಗಿನಲ್ಲಿ ಬಂದೂಕನ್ನು ದೇವರ ದೀಪದ ಪಕ್ಕದಲ್ಲಿಡುತ್ತಾರೆ. ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತ ಎಂಬ ಹಬ್ಬದ ದಿನ ಅದಕ್ಕೆ ಗಂಧ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಾರೆ. ಅಲ್ಲಿಯವರಿಗೆ ಬಂದೂಕು ಬೇಟೆಗೆ ಮಾತ್ರವಲ್ಲ, ಸುದ್ದಿ ಹೇಳುವುದಕ್ಕೂ ಬೇಕು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳಕ್ಕೆ ಬಂದು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಆ ಮಗುವಿನ ಪುಟ್ಟ ಮುಷ್ಟಿಯಲ್ಲಿ ಹರಳುಗಿಡದ ಕಡ್ಡಿಯಿಂದ ಮಾಡಿದ ಬಿಲ್ಲನ್ನು ಹಿಡಿಸುತ್ತಾರೆ. ಹೆಣ್ಣು ಹುಟ್ಟಿದರೆ ಗುಂಡಿಲ್ಲ. ಆ ಕಾಲದವರು ಹಾಗೆ, ಏನು ಮಾಡುವುದು. ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು, ಎರಡು ಗುಂಡು. ಒಂದನ್ನು ಕೇಳಿದವರು ಮುಖ ಅರಳಿಸುತ್ತಾರೆ. ಎರಡನ್ನು ಕೇಳಿದವರು ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಬರುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಬರಬೇಕು. ಅದು ಅಲ್ಲಿಯ ಕಟ್ಟು.

ಅಲ್ಲಿ ಮೊಣ್ಣಪ್ಪ ಎಂಬ ಬೇಟೆಗಾರನಿದ್ದ. ಅವನ ತಮ್ಮ ಪೆಮ್ಮಯ್ಯ ಹೊಳೆಯಾಚೆ ಮನೆ ಕಟ್ಟಿಕೊಂಡಿದ್ದ. ಹುಡುಗರಾಗಿದ್ದಾಗಲೇ ತಂದೆ ತೀರಿಹೋಗಿದ್ದರಿಂದ ಮೊಣ್ಣಪ್ಪನೇ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ, ಗುರಿಯಿಡಲು ಕಲಿಸಿದ್ದ. ಅವರಿಬ್ಬರ ನಡುವೆ ಹೊಳೆ ಬಿಟ್ಟರೆ ಬೇರೇನೂ ಇರಲಿಲ್ಲ.

ಒಂದು ವರ್ಷ ಮೊಣ್ಣಪ್ಪ ಹೊಸ ಬಂದೂಕು ತಂದ. ತಂದೆಯ ಕಾಲದ ಜೋಡುನಳಿಗೆಯ ಬಂದೂಕನ್ನು ತಮ್ಮನ ಮನೆಗೆ ಕೊಟ್ಟ. ಹೊಸದು ಒಂಟಿ ನಳಿಗೆಯದು, ಅಗುಳಿಯದು. ಬಾಗಿಲ ಅಗುಳಿಯಂತೆ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಹೋಗಿ ಕೂರುತ್ತದೆ. ಅಗುಳಿಯ ಹಿಂಬದಿಯಲ್ಲಿ, ಹೆಬ್ಬೆರಳಿಗೆ ಸಿಗುವ ಹಾಗೆ, ಒಂದು ಸಣ್ಣ ಗುಬುಟು. ಅದೇ ಬೀಗ. ಬಂದೂಕಿನ ಜೊತೆಯಲ್ಲೇ ಹುಟ್ಟಿದ್ದು, ಕೀಲಿ ಬೇಕಿಲ್ಲ. ಅದನ್ನು ಹಿಂದಕ್ಕೆ ಒತ್ತಿಟ್ಟರೆ ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಅಗುಳಿಯೂ ತೆರೆಯುವುದಿಲ್ಲ. ಅಂದರೆ, ಒಳಗಿನ ತೋಟಾವನ್ನು ಸುಡದೆ ಹೊರಗೆ ತೆಗೆಯಬೇಕೆಂದರೂ ಮೊದಲು ಬೀಗ ತೆಗೆಯಬೇಕು. ಈ ಮಾತು ನೆನಪಿಟ್ಟುಕೋ.

ಊರಿನವರಿಗೆ ಅದೊಂದು ತಮಾಷೆಯಾಯಿತು. "ಏನು ಮೊಣ್ಣಪ್ಪ, ಬಂದೂಕಿಗೂ ಬೀಗ ಹಾಕ್ತೀಯಂತೆ? ಹಂದಿ ಬಂದು ಕದ್ಕೊಂಡು ಹೋಗುತ್ತೆ ಅಂತಲಾ?" ಎಂದು ರೇಗಿಸಿದರು.

ಮೊಣ್ಣಪ್ಪ ನಕ್ಕು ಸುಮ್ಮನಾಗುತ್ತಿದ್ದ. ಬಂದೂಕು ತಂದ ದಿನದಿಂದಲೇ ಅದಕ್ಕೆ ಎಣ್ಣೆ ಸುರಿಯುತ್ತಿದ್ದ, ಒಳಗೆಲ್ಲ ಅಂಟು ಕಟ್ಟುವಷ್ಟು. ಅವನಿಗೆ ಆ ಬೀಗದ ಮೇಲೆ ಬಹಳ ಅಭಿಮಾನ. ಅಗುಳಿ ಮುಚ್ಚಿದ ಕೂಡಲೇ ಬೀಗ ಒತ್ತಬೇಕು, ಗುರಿ ಸಿಕ್ಕಮೇಲೆ ತೆಗೆಯಬೇಕು ಎಂದು ಮಾರಿದವನು ಹೇಳಿಕೊಟ್ಟಿದ್ದ. ಅದನ್ನು ಅವನು ಮನೆಯಲ್ಲಿ ಕೂತು, ಗದ್ದೆಯ ಬದುವಿನಲ್ಲಿ ನಿಂತು ಅಭ್ಯಾಸ ಮಾಡಿದ. ಎಷ್ಟು ಮಾಡಿದನೆಂದರೆ ಕೊನೆಗೆ ಹೆಬ್ಬೆರಳು ಅವನನ್ನು ಕೇಳುವುದನ್ನೇ ಬಿಟ್ಟಿತು. ಅಗುಳಿ ಮುಂದೆ ಹೋದರೆ ಸಾಕು, ಹೆಬ್ಬೆರಳು ತಾನಾಗಿ ಬೀಗ ಒತ್ತಿ ಹಿಂದೆ ಬರುತ್ತಿತ್ತು. ಒಳ್ಳೆಯ ಅಭ್ಯಾಸವೇ. ಅದನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ.

ಅವನ ಹೆಂಡತಿ ಚೋಂದವ್ವ ತುಂಬಿದ ಬಸುರಿ. ಮಳೆ ಬಿಡದೆ ಸುರಿಯುವ ಕಕ್ಕಡ ತಿಂಗಳು ಹತ್ತಿರವಾಗಿತ್ತು. ಹೊಳೆ ಏರುವ ಮೊದಲೇ ಪೆಮ್ಮಯ್ಯ ಬಂದು ಅತ್ತಿಗೆಯನ್ನು ಮಾತಾಡಿಸಿ ಹೋದ. ಹೊರಡುವಾಗ ಅಂಗಳದಲ್ಲಿ ನಿಂತು ಅಣ್ಣನಿಗೆ ಹೇಳಿದ.

"ಗಂಡಾದ್ರೆ ನಿನ್ನ ಹೊಸ ಬಂದೂಕಿನ ಸದ್ದು ನಂಗೆ ಕೇಳ್ಬೇಕು ಅಣ್ಣಾ. ಹೊಳೆ ತುಂಬಿದ್ರೆ ನಾನು ದಾಟಕ್ಕಾಗಲ್ಲ, ಸದ್ದು ದಾಟುತ್ತೆ."

"ಕೇಳುತ್ತೆ ಹೋಗು," ಎಂದ ಮೊಣ್ಣಪ್ಪ.

ಹೊಳೆ ತುಂಬಿತು. ಎರಡು ದಡದ ನಡುವೆ ಮನುಷ್ಯರ ಓಡಾಟ ನಿಂತಿತು. ಅದೇ ವಾರ ಚೋಂದವ್ವನಿಗೆ ನೋವು ಬಂತು. ಹೆಣ್ಣುಮಗು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಚೋಂದವ್ವ ಹೋದಳು.

ಮೊಣ್ಣಪ್ಪ ಬಂದೂಕು ತೆಗೆದುಕೊಂಡು ಅಂಗಳಕ್ಕೆ ಬಂದ. ನಳಿಗೆಯನ್ನು ಮೇಲಕ್ಕೆತ್ತಿ, ಬೀಗ ತೆಗೆದು ಒಂದು ಗುಂಡು ಹಾರಿಸಿದ. ಅಗುಳಿ ಎಳೆದು ತಳ್ಳಿದ. ಎರಡನೆಯ ತೋಟಾ ಒಳಗೆ ಕೂತಿತು. ಹೆಬ್ಬೆರಳು ಎಂದಿನ ಹಾಗೆ ಬೀಗ ಒತ್ತಿತು. ಅವನಿಗೆ ಅದು ತಿಳಿಯಲಿಲ್ಲ. ಅವನು ಟ್ರಿಗರ್ ಎಳೆದ. ಅದೇ ಕ್ಷಣಕ್ಕೆ ಎದುರಿನ ಬೆಟ್ಟ ಮೊದಲ ಗುಂಡಿನ ಸದ್ದನ್ನು ಹಿಂದಕ್ಕೆ ಕಳಿಸಿತು. ಒಳಗೆ ಮಗು ಕಿರುಚಿತು. ಎರಡು ಸಲ ಟ್ರಿಗರ್ ಎಳೆದದ್ದು ಅವನಿಗೆ ಗೊತ್ತು, ಎರಡು ಸದ್ದು ಕೇಳಿದ್ದೂ ಗೊತ್ತು. ಹೆಂಡತಿಗೆ ಮಾಡಬೇಕಾದ ಮರ್ಯಾದೆ ಮಾಡಿದೆ ಎಂದುಕೊಂಡು ಅವನು ಬಂದೂಕನ್ನು ಗೋಡೆಗೆ ಒರಗಿಸಿದ.

ಆಗ ಹೊಳೆಯಾಚೆಯಿಂದ ಒಂದು ಗುಂಡು ಹಾರಿತು.

ಆ ಬಂದೂಕಿನ ದನಿ ಅವನಿಗೆ ಚೆನ್ನಾಗಿ ಗೊತ್ತು. ಅಪ್ಪನ ಬಂದೂಕು. ಅವನು ಉಸಿರು ಹಿಡಿದು ಎರಡನೆಯದಕ್ಕಾಗಿ ಕಾದ. ಬರಲಿಲ್ಲ. ಒಂದೇ. ಒಂದು ಎಂದರೆ ಸಂತೋಷ. ಒಳಗೆ ಹೆಂಡತಿಯ ಹೆಣ, ಹೊಳೆಯಾಚೆ ತಮ್ಮನ ಸಂತೋಷ. ಮೊಣ್ಣಪ್ಪ ಅಂಗಳದ ಕೆಸರಿನಲ್ಲಿ ಕೂತುಬಿಟ್ಟ. ಆ ಒಂದು ಸದ್ದು ಅವನ ಎದೆಯೊಳಗೆ ಹೊಕ್ಕು ಅಲ್ಲೇ ನಿಂತಿತು.

ಅಳು ಕೇಳಿ ಈಚೆ ದಡದ ನೆರೆಯವರು ಬಂದರು. ಮಾಡಬೇಕಾದದ್ದನ್ನೆಲ್ಲ ಮಾಡಿದರು. ನೆರೆಮನೆಯ ಮುದುಕನೊಬ್ಬ ಮಾತಿನ ನಡುವೆ, "ನಂಗೂ ಒಂದೇ ಕೇಳಿದ ಹಾಗಾಯ್ತಪ್ಪ. ಗಂಡು ಹುಟ್ತು ಅಂದ್ಕೊಂಡೆ," ಎಂದ. ಮೊಣ್ಣಪ್ಪ ಅವನನ್ನು ಎಂಥಾ ಕಣ್ಣಿನಿಂದ ನೋಡಿದನೆಂದರೆ ಮುದುಕ ಮತ್ತೆ ಆ ಮಾತೆತ್ತಲಿಲ್ಲ. ಬೇರೆ ಯಾರೂ ಎತ್ತಲಿಲ್ಲ. ಹೆಂಡತಿ ಸತ್ತವನ ಮುಂದೆ ಗುಂಡಿನ ಲೆಕ್ಕ ಕೇಳುವುದು ಹೇಗೆ?

ನೀರು ಇಳಿದ ದಿನವೇ ಪೆಮ್ಮಯ್ಯ ಬಂದ. ಎಲ್ಲರಿಗಿಂತ ಮೊದಲು ತಾನೇ ದಾಟಿದ. ಸೊಂಟದವರೆಗೆ ಒದ್ದೆ, ಮುಖದ ತುಂಬ ನಗು. ಕೈಯಲ್ಲಿ ಹರಳುಕಡ್ಡಿಯ ಪುಟ್ಟ ಬಿಲ್ಲು. ಹೊಳೆ ಇಳಿಯುವುದನ್ನು ಕಾಯುತ್ತಾ ಕೂತು ಅವನೇ ಮಾಡಿದ್ದು. "ಅಣ್ಣಾ, ಎಲ್ಲಿ ನನ್ನ ಹುಲಿ?" ಎಂದು ಕೂಗುತ್ತಲೇ ಅಂಗಳಕ್ಕೆ ಬಂದ.

ಮೊಣ್ಣಪ್ಪ ಬಾಗಿಲಲ್ಲಿ ನಿಂತಿದ್ದ. ಬೋಳಿಸಿದ ತಲೆ, ಬಿಳಿ ಬಟ್ಟೆ. ಪೆಮ್ಮಯ್ಯನ ಕಾಲು ಅಲ್ಲೇ ನಿಂತಿತು. ಬಿಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆದರೆ ಮೊಣ್ಣಪ್ಪ ಅದನ್ನು ನೋಡಿ ಆಗಿತ್ತು.

"ನಂಗೆ ಒಂದೇ ಕೇಳಿದ್ದು ಅಣ್ಣಾ," ಎಂದ ಪೆಮ್ಮಯ್ಯ. "ಇಗ್ಗುತ್ತಪ್ಪನಾಣೆ. ಒಂದೇ."

"ನಾನು ಹಾರಿಸಿದ್ದು ಎರಡು," ಎಂದ ಮೊಣ್ಣಪ್ಪ. ಬಾಗಿಲು ಹಾಕಿಕೊಂಡ.

ಇಷ್ಟೇ ಅವರ ಜಗಳ. ಬೈಗುಳವಿಲ್ಲ, ಕೈ ಕೈ ಮಿಲಾಯಿಸಲಿಲ್ಲ, ಪಂಚಾಯಿತಿ ಸೇರಲಿಲ್ಲ. ಆ ದಿನ ಬಾಗಿಲ ಹಿಂದೆ ನಿಂತ ಮೊಣ್ಣಪ್ಪನ ಕಣ್ಣು ಗೋಡೆಗೆ ಒರಗಿದ್ದ ಬಂದೂಕಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿಕೊಂಡದ್ದೂ ನಿಜ. ತಮ್ಮ ಇನ್ನೂ ಅಂಗಳದಲ್ಲೇ ನಿಂತು ಅಳುತ್ತಿದ್ದ. ಮೊಣ್ಣಪ್ಪ ಹೆಬ್ಬೆರಳಿನಿಂದ ಮುಟ್ಟಿ ನೋಡಿದ, ಬೀಗ ಹಾಕಿತ್ತು. ಹಾಕಿದ್ದು ಹಾಗೇ ಇರಲಿ ಎಂದು ಬಂದೂಕನ್ನು ದೀಪದ ನಡುಮನೆಯ ಗೋಡೆಗೆ ನೇತುಹಾಕಿದ. ಇದನ್ನು ಇನ್ನೆಂದೂ ಇಳಿಸುವುದಿಲ್ಲ ಎಂದು ಹೆಂಡತಿಯ ಹೆಸರಿನಲ್ಲಿ ಆಣೆ ಮಾಡಿಕೊಂಡ.

ಅವನು ಆ ಆಣೆಯನ್ನು ಉಳಿಸಿಕೊಂಡ. ಊರವರು ಅವನನ್ನು ದೊಡ್ಡ ಮನುಷ್ಯ ಎಂದರು. ಬೇರೆ ಯಾರಾಗಿದ್ದರೂ ಅಂಥಾ ತಮ್ಮನನ್ನು ಸುಟ್ಟು ಹಾಕುತ್ತಿದ್ದರು, ಮೊಣ್ಣಪ್ಪ ಒಂದು ಮಾತೂ ಆಡಲಿಲ್ಲ ಎಂದರು. ಕೇಳಿ ಕೇಳಿ ಅವನಿಗೂ ಹಾಗೇ ಅನ್ನಿಸಿತು. ಬೇಟೆ ಬಿಟ್ಟ. ಪ್ರತಿ ವರ್ಷ ಹಬ್ಬದಲ್ಲಿ ಗೋಡೆಯ ಮೇಲಿದ್ದಂತೆಯೇ ಬಂದೂಕಿಗೆ ಗಂಧ ಹಚ್ಚುತ್ತಿದ್ದ, ಹೂ ಸಿಕ್ಕಿಸುತ್ತಿದ್ದ. ತುಕ್ಕು ಹಿಡಿಯಬಾರದೆಂದು ಮೇಲಿಂದ ಮೇಲೆ ಎಣ್ಣೆ ಬಿಡುತ್ತಿದ್ದ. ಒಳಗಿದ್ದ ಅಂಟು ಇನ್ನೂ ಗಟ್ಟಿಯಾಯಿತು, ಅದರ ಮೇಲೆ ಹೊಸ ಎಣ್ಣೆ. ಅಗುಳಿಯನ್ನು ಮಾತ್ರ ಅವನು ಒಮ್ಮೆಯೂ ತೆರೆಯಲಿಲ್ಲ.

ನೋಡು, ಆ ಮನೆಯಲ್ಲಿ ಸತ್ಯ ಗೋಡೆಗೆ ನೇತಾಡುತ್ತಿತ್ತು. ಒಂದು ಬೆರಳು ಬೀಗ ತೆಗೆದು, ಒಂದು ಕೈ ಅಗುಳಿ ಎಳೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಂಗಳದಲ್ಲಿ ನಿಂತು, ನಳಿಗೆಯನ್ನು ಆಕಾಶಕ್ಕೆ ಎತ್ತಿ ಹಾಗೆ ಮಾಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ದಿನವೂ ಅದರ ಮುಂದೆ ದೀಪ ಹಚ್ಚಿದ.

ಪೆಮ್ಮಯ್ಯ ಬರುವುದನ್ನು ಬಿಡಲಿಲ್ಲ. ಪ್ರತಿ ವರ್ಷ ಅತ್ತಿಗೆಯ ತಿಥಿ ಕಳೆದು ನೀರು ಇಳಿದ ದಿನ ಹೊಳೆ ದಾಟಿ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದ. ಒಳಗೆ ಬಾ ಎನ್ನುವವರಿಲ್ಲ, ಹೋಗು ಎನ್ನುವವರೂ ಇಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಮಗು ಮುತ್ತವ್ವ ಬೆಳೆಯುತ್ತಾ ಅವನನ್ನು ನೋಡಿದಳು. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ದೊಡ್ಡವಳಾದ ಮೇಲೆ ತಂದೆಗೆ ಹೇಳಿಯೇ ಹೊಳೆಯಾಚೆ ಹೋಗಿ ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದಳು. ಮೊಣ್ಣಪ್ಪ ಬೇಡ ಎನ್ನಲಿಲ್ಲ. ಅದನ್ನೂ ತನ್ನ ಕ್ಷಮೆಯ ಲೆಕ್ಕಕ್ಕೇ ಸೇರಿಸಿಕೊಂಡ.

ಮುತ್ತವ್ವನಿಗೆ ಮದುವೆ ಗೊತ್ತಾಯಿತು. ಚಿಕ್ಕಪ್ಪ ಪಕ್ಕದಲ್ಲಿ ನಿಲ್ಲದೆ ತಾನು ಮದುವೆಗೆ ಕೂರುವುದಿಲ್ಲ ಎಂದು ಅವಳು ಹಟ ಹಿಡಿದಳು.

"ಅವನು ಬರಲಿ. ನಾನೇನು ತಡೆದಿದ್ದೀನಾ?" ಎಂದ ಮೊಣ್ಣಪ್ಪ. "ನಾನು ಅವನನ್ನ ಯಾವತ್ತೋ ಕ್ಷಮಿಸಿದ್ದೀನಿ."

"ಹಾಗಾದ್ರೆ ಕರೆದು ಕೂರಿಸಿ ಮಾತಾಡು ಅಪ್ಪ."

ಮಗಳ ಮುಖ ನೋಡಿ ಅವನು ಒಪ್ಪಿದ. ಒಪ್ಪಿದ ಮೇಲೆ ಅವನಿಗೇ ಹಗುರವೆನಿಸಿತು. ಆದರೆ ಮನುಷ್ಯನ ಬುದ್ಧಿ ನೋಡು. ಕ್ಷಮಿಸುವುದಕ್ಕೆ ಮೊದಲು ತಾನು ಸರಿ ಎಂಬುದು ತಮ್ಮನಿಗೆ ಗೊತ್ತಾಗಬೇಕು ಎಂದು ಅವನಿಗೆ ಅನ್ನಿಸಿತು. ಎರಡೂ ಹಾರಿಸಿದ ಬಂದೂಕು ಖಾಲಿ ಇರಬೇಕಲ್ಲ. ತಮ್ಮನ ಕಣ್ಣ ಮುಂದೆಯೇ ಅಗುಳಿ ತೆರೆದು ತೋರಿಸಬೇಕು, ಅವನು ತಲೆ ತಗ್ಗಿಸಬೇಕು, ಆಮೇಲೆ ತಬ್ಬಿಕೊಳ್ಳಬೇಕು. ಬಂದೂಕನ್ನು ಅವನಿಗೇ ಕೊಟ್ಟುಬಿಡಬೇಕು, ಮದುವೆಯ ದಿನ ಅವನೇ ಹಾರಿಸಲಿ. ಇದೆಲ್ಲವನ್ನೂ ಅವನು ಮನಸ್ಸಿನಲ್ಲೇ ಜೋಡಿಸಿಕೊಂಡ. ಇಂಥಾ ಒಳ್ಳೆಯ ಯೋಚನೆಗಳಿಗಿಂತ ನನಗೆ ಕೆಟ್ಟ ಯೋಚನೆಗಳ ಮೇಲೆಯೇ ಹೆಚ್ಚು ನಂಬಿಕೆ.

ಪೆಮ್ಮಯ್ಯ ಬಂದ. ಬೇಸಗೆ, ಹೊಳೆಯಲ್ಲಿ ಪಾದ ಮುಳುಗುವಷ್ಟೇ ನೀರು. ಅವನ ತಲೆಯೂ ನೆರೆತಿತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಾಲು ಮುಟ್ಟಿದ. ಮೊಣ್ಣಪ್ಪ ಅವನ ಭುಜ ಹಿಡಿದು ಎತ್ತಿ, ಜಗಲಿಯ ಕಂಬಗಳ ನಡುವಿನ ಹಲಗೆಯ ಮೇಲೆ ಕೂರಿಸಿದ. ಅದಕ್ಕೆ ಅಯಿಮರ ಎನ್ನುತ್ತಾರೆ. ಮನೆಯ ಹಿರಿಯರು ಕೂರುವ ಜಾಗ. ಬಂದವರನ್ನು ಅಲ್ಲಿ ಕೂರಿಸಿದರೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಪೆಮ್ಮಯ್ಯನ ಕಣ್ಣು ತುಂಬಿತು.

ಮೊಣ್ಣಪ್ಪ ಒಳಗೆ ಹೋಗಿ ಗೋಡೆಯಿಂದ ಬಂದೂಕು ಇಳಿಸಿಕೊಂಡು ಬಂದ. ತಮ್ಮನ ಎದುರಿಗೆ ಮಣೆಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಜಗಲಿ ಕಿರಿದು. ಅವನು ಅಲ್ಲಿ ಕೂತು ಬಂದೂಕನ್ನು ತೊಡೆಯ ಮೇಲಿಟ್ಟರೆ ನಳಿಗೆ ಅಯಿಮರದತ್ತಲೇ ತಿರುಗುತ್ತಿತ್ತು. ಇದನ್ನು ಇಬ್ಬರೂ ಗಮನಿಸಲಿಲ್ಲ. ಬೇಟೆಯಾಡುತ್ತಿದ್ದ ಕಾಲದ ಮೊಣ್ಣಪ್ಪನಾಗಿದ್ದರೆ, ಖಾಲಿ ಬಂದೂಕಿನ ನಳಿಗೆಯನ್ನೂ ಮನುಷ್ಯನತ್ತ ತಿರುಗಿಸುತ್ತಿರಲಿಲ್ಲ. ಆದರೆ ಇದು ಖಾಲಿ ಎಂದು ಅವನು ಇಷ್ಟು ವರ್ಷ ನಂಬಿದ್ದ. ಮೇಲಾಗಿ ಬೀಗ ಹಾಕಿತ್ತು.

ಪೆಮ್ಮಯ್ಯ ಬಂದೂಕನ್ನು ನೋಡಿದ, ಅಣ್ಣನ ಮುಖವನ್ನು ನೋಡಿದ. ಏನು ನಡೆಯುತ್ತಿದೆ ಎಂದು ಅವನಿಗೆ ಅರ್ಥವಾಯಿತು.

"ಬೇಡ ಅಣ್ಣಾ," ಎಂದ. "ಎರಡೇ. ನಾನೇ ತಪ್ಪು ಕೇಳಿಸ್ಕೊಂಡೆ. ಒಪ್ಕೊಳ್ತೀನಿ."

ಅವನು ಕೇಳಿದ್ದು ಒಂದೇ. ಅದು ಅವನಿಗೆ ಗೊತ್ತಿತ್ತು. ಅಷ್ಟು ವರ್ಷ ಗೇಟಿನ ಹೊರಗೆ ನಿಂತರೂ ಬಿಟ್ಟುಕೊಡದ ಮಾತನ್ನು ಅವನು ಆ ಕ್ಷಣದಲ್ಲಿ ಅಣ್ಣನಿಗೆ ಕೊಟ್ಟುಬಿಟ್ಟ. ತೆಗೆದುಕೊಂಡು ಸುಮ್ಮನಾಗಿದ್ದರೆ ಸಾಕಿತ್ತು.

"ಒಪ್ಕೊಳ್ಳೋದು ಬೇಡ. ಕಣ್ಣಾರೆ ನೋಡು," ಎಂದ ಮೊಣ್ಣಪ್ಪ. ಅಗುಳಿಯ ಮೇಲೆ ಕೈಯಿಟ್ಟು, ಹೆಬ್ಬೆರಳಿನಿಂದ ಬೀಗವನ್ನು ಮುಂದಕ್ಕೆ ಒತ್ತಿದ.

ಎರಡನೆಯ ಗುಂಡು ಹಾರಿತು.

ಅವನ ಬೆರಳು ಟ್ರಿಗರ್ ಮೇಲಿರಲಿಲ್ಲ. ಅದು ಹೇಗೆ ಎಂದು ನೀನು ಕೇಳುತ್ತೀಯ. ಬೀಗ ಹಾಕಿದ ಬಂದೂಕಿನ ಟ್ರಿಗರ್ ಎಳೆದರೆ ಏನೂ ಆಗುವುದಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಆಗಬಾರದು, ನಿಜ. ಆದರೆ ಕೆಲವು ಬಂದೂಕುಗಳ ಒಳಗೆ ಎಣ್ಣೆ ಅಂಟಾಗಿ ಕೂತರೆ, ಎಳೆದ ಟ್ರಿಗರ್ ಪೂರ್ತಿ ತನ್ನ ಜಾಗಕ್ಕೆ ಮರಳುವುದಿಲ್ಲ. ಎಳೆದದ್ದು ಎಳೆದ ಹಾಗೇ ಒಳಗೆ ನಿಂತುಬಿಡುತ್ತದೆ. ಆಮೇಲೆ ಗುಂಡನ್ನು ಹಿಡಿದು ನಿಲ್ಲಿಸಿರುವುದು ಆ ಬೀಗ ಒಂದೇ. ಚೋಂದವ್ವ ಸತ್ತ ದಿನ ಅಂಗಳದಲ್ಲಿ ನಿಂತು ಅವನು ಎಳೆದದ್ದು, ಮಗಳ ಮದುವೆಯ ಮಾತಾಡುವ ದಿನ ಹಾರಿತು.

ಪೆಮ್ಮಯ್ಯ ಕಂಬಕ್ಕೆ ಒರಗಿದಂತೆಯೇ ಇದ್ದ. ಮುತ್ತವ್ವ ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ತಮ್ಮ ಹೇಳಿದ್ದು ನಿಜವೆಂದು ಮೊಣ್ಣಪ್ಪನಿಗೆ ತಿಳಿದದ್ದೂ ತಮ್ಮ ಸತ್ತದ್ದೂ ಒಂದೇ ಸದ್ದಿನಲ್ಲಿ. ಅವನು ಅಗುಳಿ ಎಳೆದ. ಬಿಸಿ ತೋಟಾ ಅವನ ಪಾದದ ಬಳಿ ಬಿತ್ತು. ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ಒಂದೇ," ಎಂದ. "ಒಂದೇ ಕಣೋ," ಎಂದು ತಮ್ಮನಿಗೆ ಹೇಳಿದ.

ಮುತ್ತವ್ವ ತಟ್ಟೆಯನ್ನು ಕೆಳಗಿಟ್ಟಳು. ಚಿಕ್ಕಪ್ಪನ ಮೂಗಿನ ಹತ್ತಿರ ಕೈಹಿಡಿದು ನೋಡಿದಳು. ತಂದೆಯನ್ನು ನೋಡಲಿಲ್ಲ. ಅಂಗಳಕ್ಕಿಳಿದು ಓಡಿದಳು, ಹೊಳೆ ದಾಟಿದಳು. ಆಚೆ ದಡದಲ್ಲಿ ಪೆಮ್ಮಯ್ಯನ ಹೆಂಡತಿ ಆಗಲೇ ಅಂಗಳಕ್ಕೆ ಬಂದು ನಿಂತಿದ್ದಳು. ಅವಳಿಗೂ ಗುಂಡು ಕೇಳಿತ್ತು. ಒಂದೇ ಗುಂಡು. ಮುಖ ಅರಳಿತ್ತು.

"ರಾಜಿ ಆಯ್ತಾ ಮಗಳೇ?" ಎಂದು ಕೇಳಿದಳು. "ಅಣ್ಣ ತಮ್ಮ ಸೇರಿ ಹಾರಿಸಿದ್ರಾ?"

ಮುತ್ತವ್ವ ಒಳಗೆ ಹೋಗಿ ಗೋಡೆಯಿಂದ ಅಜ್ಜನ ಜೋಡುನಳಿಗೆಯನ್ನು ಇಳಿಸಿದಳು. ಎರಡು ತೋಟಾ ತುಂಬಿ, ಅಂಗಳಕ್ಕೆ ಬಂದು ನಳಿಗೆ ಮೇಲಕ್ಕೆತ್ತಿ ಹಾರಿಸಿದಳು. ಒಂದು. ಅದರ ಬೆನ್ನಿಗೇ ಇನ್ನೊಂದು. ಪೆಮ್ಮಯ್ಯನ ಹೆಂಡತಿ ಎರಡನೆಯದನ್ನು ಕೇಳಿದ ಮೇಲೆ ನಿಂತಲ್ಲೇ ಕುಸಿದಳು.

ಎರಡೂ ದಡದ ಜನ ಬಂದರು. ಪೊಲೀಸರೂ ಬಂದು ಕೇಳಿ ಹೋದರು. ಕೈತಪ್ಪು ಎಂದು ತೀರ್ಮಾನವಾಯಿತು. ಮುತ್ತವ್ವ ಮದುವೆಯಾಗಲಿಲ್ಲ. ಹೊಳೆಯಾಚೆಯ ಮನೆಯಲ್ಲಿ ಚಿಕ್ಕಮ್ಮನ ಜೊತೆ ಉಳಿದಳು. ಮೊಣ್ಣಪ್ಪ ಬಹಳ ಕಾಲ ಬದುಕಿದ, ಅದು ಅವನ ಪುಣ್ಯವಲ್ಲ. ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ, ನಾನು ಟ್ರಿಗರ್ ಮುಟ್ಟಲಿಲ್ಲ ಎಂದು. ಆ ದಿನದ ಮಟ್ಟಿಗೆ ಅದು ನಿಜ. ತಮ್ಮನ ತಿಥಿಯ ದಿನ ಅವನು ಹೊಳೆ ದಾಟಿ ಹೋಗಿ ಆ ಮನೆಯ ಗೇಟಿನ ಹೊರಗೆ ನಿಲ್ಲುತ್ತಿದ್ದ. ಒಳಗೆ ಬಾ ಎನ್ನುವವರಿರಲಿಲ್ಲ, ಹೋಗು ಎನ್ನುವವರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರ ನೆಲ ನೋಡುತ್ತಾ ಕೂತಿದ್ದ. ತಲೆ ಎತ್ತಿ ಕೇಳಿದ.

"ಹಾಗಾದರೆ ಅವನು ಬೀಗ ತೆಗೆಯಲೇಬಾರದಿತ್ತೇ?"

"ತೆಗೆಯದಿದ್ದರೆ ಅದು ತುಂಬಿಯೇ ಇರುತ್ತಿತ್ತು."

"ಮತ್ತೆ ನಾನು ಏನು ಮಾಡಲಿ ಗುರುಗಳೇ? ಸಂಜೆ ಅವನು ಬಂದೇ ಬರುತ್ತಾನೆ."

ಗುರುಗಳು ಎದ್ದು ಶಲ್ಯ ಹೊದ್ದುಕೊಂಡರು.

"ಬಂದವನನ್ನು ಎಲ್ಲಿ ಕೂರಿಸುತ್ತೀಯ?" ಎಂದು ಕೇಳಿದರು.

ಸಿದ್ಧವೀರ ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಂದು, ತನ್ನ ಎದುರಿಗೆ ಹಾಸಲು ಹೋಗಿ, ಪಕ್ಕದಲ್ಲಿ ಹಾಸಿದ.